ಹಲ್ಲು ಕೀಳಿಸಲು ಹೋಗಿ ಕವಳ ಬಿಟ್ಟ ಕಥೆ

ಶಿರಸಿ ಪೇಟೆಯಿಂದ ಒಂಬತ್ತು ಕಿಲೋಮೀಟರ್ ಒಳಗಿನ ಹಳ್ಳಿ ನಮ್ಮದು. ಎರಡು ಎಕರೆ ಅಡಿಕೆ ತೋಟ ಇದೆ. ಜೊತೆಗೆ ಪೇಟೆಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ವಯಸ್ಸು 48. ಕಳೆದ ಜೂನ್‌ವರೆಗೆ ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಸರಿಯಾಗಿ ಹೇಳಬೇಕೆಂದರೆ, ಒಂದನ್ನೂ ಪರೀಕ್ಷೆ ಮಾಡಿಸಿರಲಿಲ್ಲ.

ಶುರುವಾಗಿದ್ದು ಬಲಗಡೆಯ ದವಡೆ ಹಲ್ಲಿನಿಂದ. ಮೃಗಶಿರ ಮಳೆ ಹಿಡಿದ ವಾರ ನೋವು ಜೋರಾಯಿತು. ನಾಲ್ಕು ದಿನ ಲವಂಗದ ಎಣ್ಣೆ ಹಚ್ಚಿ, ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿ ಕಾಲ ಕಳೆದೆ. ಐದನೇ ರಾತ್ರಿ ನಿದ್ದೆಯೇ ಇಲ್ಲ. ಬೆಳಿಗ್ಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಕಿತ್ತುಬಿಡಿ ಅಂದೆ.

ಅವರು ಕೀಳಲಿಲ್ಲ. ಮೊದಲು ಬಿಪಿ ನೋಡಿದರು. 168/102. ಇನ್ನೊಂದು ಕೈಯಲ್ಲೂ ಹೆಚ್ಚುಕಮ್ಮಿ ಅಷ್ಟೇ. "ಇಷ್ಟು ಬಿಪಿ ಇಟ್ಕೊಂಡು ಕೀಳೋಕಾಗಲ್ಲ ಸರ್. ಶುಗರ್ ಇದೆಯಾ?" ಗೊತ್ತಿಲ್ಲ ಅಂದೆ. "ಬಾಯಿ ತೆಗೀರಿ." ತೆಗೆದೆ. "ಪೂರ್ತಿ ತೆಗೀರಿ." ಪೂರ್ತಿಯೇ ತೆಗೆದಿದ್ದೆ. ಆಗ ಅವರು ನನ್ನ ಬಲಗೈಯ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ಮೇಲಿನ ಹಲ್ಲು ಕೆಳಗಿನ ಹಲ್ಲಿನ ನಡುವೆ ಇಡಲು ಹೇಳಿದರು. ಎರಡು ಬೆರಳು ಹೋಯಿತು. ಮೂರನೆಯದು ಹೋಗಲಿಲ್ಲ.

"ಕವಳ ಎಷ್ಟು ವರ್ಷದಿಂದ?"

ಕವಳ, ಅಂದರೆ ಎಲೆ ಅಡಿಕೆ, ಹಾಕುತ್ತೇನೆ ಅಂತ ನಾನು ಹೇಳಿರಲೇ ಇಲ್ಲ. ಹಲ್ಲು ನೋಡಿದರೆ ಗೊತ್ತಾಗುತ್ತದಲ್ಲ. ಇಪ್ಪತ್ತಾರು ವರ್ಷ, ದಿನಕ್ಕೆ ಹತ್ತೋ ಹನ್ನೆರಡೋ, ತಂಬಾಕು ಸೇರಿಸಿ.

ಇದನ್ನು ಓದುತ್ತಿರುವವರು ಕವಳವನ್ನೋ ಗುಟ್ಕಾವನ್ನೋ ಹಾಕುವವರಾದರೆ ಈಗಲೇ ಮೂರು ಬೆರಳು ಇಟ್ಟು ನೋಡಿ. ದುಡ್ಡು ಬೇಡ, ಅಪಾಯಿಂಟ್‌ಮೆಂಟ್ ಬೇಡ. ಖಾರ ತಿಂದಾಗ ಬಾಯಿ ಉರಿಯುತ್ತದೆಯಾ, ಅದನ್ನೂ ಗಮನಿಸಿ. ನನಗೆ ಒಂದು ವರ್ಷದಿಂದ ಉರಿಯುತ್ತಿತ್ತು. ಇವಳು, ಅಂದರೆ ನನ್ನ ಹೆಂಡತಿ, ಅಪ್ಪೆಮಿಡಿ ಉಪ್ಪಿನಕಾಯಿಗೆ ಖಾರ ಜಾಸ್ತಿ ಹಾಕಿದ್ದಾಳೆ ಅಂತ ಜಗಳ ಆಡಿದ್ದೆ.

ಹಲ್ಲಿನ ಡಾಕ್ಟರು ಎರಡು ಚೀಟಿ ಕೊಟ್ಟರು. ಒಂದು ಬಿಪಿ, ಶುಗರ್ ನೋಡಲು ಫಿಸಿಶಿಯನ್‌ಗೆ. ಇನ್ನೊಂದು ಬಾಯಿ ನೋಡಿಸಲು ಹುಬ್ಬಳ್ಳಿಗೆ. ಒಳಗೆನ್ನೆಯಲ್ಲಿ ಬೆಳ್ಳಗೆ ಒಂದು ಕಲೆ ಇದೆ, ಚೂರು ತೆಗೆದು ಪರೀಕ್ಷೆ ಮಾಡಿಸಿಬಿಡಿ ಅಂದರು. ಯಾವ ಕಾಯಿಲೆಯ ಹೆಸರನ್ನೂ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಂದು ಒಂದು ಕವಳ ಹಾಕಿದೆ.

ರಕ್ತ ಪರೀಕ್ಷೆಯಲ್ಲಿ ಒಂದು ದಿನ ದಂಡವಾಯಿತು. ಖಾಲಿ ಹೊಟ್ಟೆ ಅಂದರೆ ತಿಂಡಿ ತಿನ್ನಬಾರದು ಅಂತ ಅಂದುಕೊಂಡು ಅರ್ಧ ಲೋಟ ಚಾ ಕುಡಿದು ಹೋಗಿದ್ದೆ. ವಾಪಸ್ ಕಳಿಸಿದರು. ಎಂಟು ಗಂಟೆ ಏನೂ ತಿಂದಿರಬಾರದು, ಬರೀ ನೀರು ಕುಡಿಯಬಹುದು. ಕವಳವೂ ಬೇಡ. ಮಾರನೇ ದಿನ ಕೊಟ್ಟೆ. ಶುಗರ್, ಕೊಲೆಸ್ಟ್ರಾಲ್, ಕಿಡ್ನಿ ಎಲ್ಲ ಸೇರಿ 1,150 ರೂಪಾಯಿ. ಖಾಲಿ ಹೊಟ್ಟೆಯ ಸಕ್ಕರೆ 117, ಎಚ್‌ಬಿಎ1ಸಿ 6.2.

ಈ ಎಚ್‌ಬಿಎ1ಸಿ ಬಗ್ಗೆ ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟೂ ದಿನ ರಕ್ತದಲ್ಲಿ ಸಕ್ಕರೆ ಎಷ್ಟಿತ್ತೋ ಅದಕ್ಕೆ ತಕ್ಕಂತೆ ಆ ಕಣಕ್ಕೆ ಸಕ್ಕರೆ ಅಂಟಿಕೊಳ್ಳುತ್ತದೆ. ಹಾಗಾಗಿ ಇದು ಎರಡು ಮೂರು ತಿಂಗಳ ಸರಾಸರಿ ಲೆಕ್ಕ. ಪರೀಕ್ಷೆಯ ಹಿಂದಿನ ದಿನ ಸಿಹಿ ಬಿಟ್ಟು ಜಾಣತನ ಮಾಡಲು ಆಗುವುದಿಲ್ಲ. ಇದೊಂದಕ್ಕೆ ಖಾಲಿ ಹೊಟ್ಟೆಯೂ ಬೇಕಿಲ್ಲ. 5.7ಕ್ಕಿಂತ ಕೆಳಗಿದ್ದರೆ ಸರಿ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾನು ನಡುವಿನ ಬೇಲಿಯ ಮೇಲೆ ಕೂತಿದ್ದೆ.

ಫಿಸಿಶಿಯನ್ ಹತ್ತಿರ ಹನ್ನೊಂದಕ್ಕೆ ಹೋದವನಿಗೆ ಸರದಿ ಬಂದಿದ್ದು ಎರಡೂವರೆಗೆ. ಅವರು ಹೊಟ್ಟೆಗೆ ಟೇಪು ಸುತ್ತಿದರು. 97 ಸೆಂಟಿಮೀಟರ್. ನಮ್ಮ ಗಂಡಸರಿಗೆ 90ರ ಒಳಗಿರಬೇಕಂತೆ, ಹೆಂಗಸರಿಗೆ 80. ಆಮೇಲೆ, ಎಷ್ಟು ನೋವಿನ ಮಾತ್ರೆ ನುಂಗಿದ್ದೀರಿ ಅಂತ ಕೇಳಿದರು. ಹನ್ನೆರಡು. ಅದರಿಂದಲೂ ಬಿಪಿ ಏರುತ್ತದೆ, ನೋವಿನಿಂದಲೂ ಏರುತ್ತದೆ, ಹೆದರಿಕೆಯಿಂದಲೂ ಏರುತ್ತದೆ. ಮಾತ್ರೆ ಬದಲಿಸಿ ಬರೆದುಕೊಟ್ಟರು. ಬಿಪಿ ಮಾತ್ರೆ ಈಗಲೇ ಬೇಡ, ಮನೆಯಲ್ಲಿ ಒಂದು ವಾರ ಬೆಳಿಗ್ಗೆ ಸಂಜೆ ನೋಡಿ ಬರೆದು ತನ್ನಿ ಅಂದರು.

ಮಷಿನ್‌ಗೆ 1,950 ಆಯಿತು. ಮೊದಲ ಮೂರು ದಿನದ ಅಳತೆ ಎಲ್ಲ ದಂಡ. ತೋಟದಿಂದ ಬಂದವನೇ ಕಾಲು ಮೇಲೆ ಕಾಲು ಹಾಕಿ ಕೂತು, ಮಾತಾಡುತ್ತಾ ನೋಡುತ್ತಿದ್ದೆ. ಒಮ್ಮೆ 160, ಐದು ನಿಮಿಷ ಬಿಟ್ಟರೆ 138. ಮಷಿನ್ ಹಾಳು ಅಂದುಕೊಂಡೆ. ಹಾಳಾಗಿದ್ದು ನಾನು ಕೂತ ರೀತಿ. ಉಚ್ಚೆ ಹೊಯ್ದು ಬಂದು, ಬೆನ್ನಿಗೆ ಒರಗು ಇಟ್ಟು, ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ನೆ ಕೂರಬೇಕು. ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲಿರಬೇಕು. ಚಾ ಕುಡಿದು ಅರ್ಧ ಗಂಟೆ ಆಗಿರಬೇಕು. ತೋಳು ದಪ್ಪ ಇದ್ದವರು ದೊಡ್ಡ ಪಟ್ಟಿ ಕೇಳಿ ತಗೊಳ್ಳಿ, ಬಿಗಿಯಾದರೆ ಜಾಸ್ತಿ ತೋರಿಸುತ್ತದೆ. ಹೀಗೆ ನೋಡಿದ ಮೇಲೆ ಬಂದ ಸರಾಸರಿ 141/89. ಹನ್ನೊಂದನೇ ದಿನಕ್ಕೆ ಹಲ್ಲು ಕಿತ್ತರು. ಅದು ಇಡೀ ಕಥೆಯಲ್ಲೇ ಸುಲಭದ ಕೆಲಸ.

ಹುಬ್ಬಳ್ಳಿಗೆ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಆ ಮಳೆಯಲ್ಲಿ ಮುಂಡಗೋಡ ದಾರಿಯಲ್ಲಿ ಬಸ್ಸಿಗೆ ಮೂರು ಗಂಟೆ ಮೇಲೇ ಹಿಡಿಯಿತು. ಇವಳೂ ಬಂದಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ನನ್ನಂಥವರೇ ಸಾಲಾಗಿ ಕೂತಿದ್ದರು. ಒಬ್ಬ ಹುಡುಗನಿಗೆ ಹೆಚ್ಚೆಂದರೆ ಇಪ್ಪತ್ತೆರಡು ಇರಬೇಕು. ಅವನ ಬಾಯಿಗೆ ಚಮಚ ಹೋಗುತ್ತಿರಲಿಲ್ಲ, ಅಮ್ಮ ಬಾಟಲಿಗೆ ಗಂಜಿ ತಿಳಿ ಹಾಕಿ ಸ್ಟ್ರಾ ಕೊಟ್ಟಿದ್ದಳು. ಇವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಏನೂ ಹೇಳಲಿಲ್ಲ.

ಕೆನ್ನೆ ಮರಗಟ್ಟಿಸಿ ಅಕ್ಕಿಕಾಳಿನಷ್ಟು ಚೂರು ತೆಗೆದರು, ಎರಡು ಹೊಲಿಗೆ ಹಾಕಿದರು. ಪರೀಕ್ಷೆ, ಔಷಧಿ, ಬಸ್ಸು, ಊಟ ಎಲ್ಲ ಸೇರಿ 3,800. ವರದಿಗೆ ಎಂಟು ದಿನ.

ಆ ಎಂಟು ದಿನದ ಬಗ್ಗೆ ನಿಜ ಹೇಳಿಬಿಡುತ್ತೇನೆ. ಹೊಲಿಗೆ ಇರುವ ಕೆನ್ನೆ ಬಿಟ್ಟು ಇನ್ನೊಂದು ಕೆನ್ನೆಯಲ್ಲಿ ಕವಳ ಹಾಕಿದೆ. ಹೆದರಿಕೆಗೆ ಮೊದಲಿಗಿಂತ ಜಾಸ್ತಿಯೇ ಹಾಕಿದೆ. ಇಂಥ ಹೊತ್ತಲ್ಲಿ ಮನುಷ್ಯನಿಗೆ ಬುದ್ಧಿ ಬರುತ್ತದೆ ಅನ್ನುವವರನ್ನು ನಾನು ಇನ್ನು ನಂಬುವುದಿಲ್ಲ.

ಒಂಬತ್ತನೇ ದಿನ ಒಬ್ಬನೇ ಹೋದೆ. ಕೌಂಟರಿನಲ್ಲಿ ನನ್ನ ಹೆಸರಿನ ವರದಿಯೇ ಇಲ್ಲ! ಕೊನೆಗೆ ಬೇರೆ ಇನಿಷಿಯಲ್, ವಯಸ್ಸು 84 ಅಂತ ಇದ್ದ ಒಂದು ಹಾಳೆ ಸಿಕ್ಕಿತು. ಅದು ನನ್ನದೇ ಅಂತ ಸಾಬೀತು ಮಾಡಲು ಆಧಾರ್ ಜೆರಾಕ್ಸ್, ಮೊದಲ ದಿನದ ರಸೀದಿ ಎರಡೂ ಬೇಕಾಯಿತು. ರಸೀದಿ ಮನೆಯಲ್ಲಿತ್ತು. ಇವಳು ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುವುದಕ್ಕೆ ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಗುಡ್ಡ ಹತ್ತಬೇಕು. ಕೊಡೆ ಹಿಡಿದು ಹತ್ತಿದಳು. ಸಂಜೆ ನಾಲ್ಕಕ್ಕೆ ತಿದ್ದಿದ ವರದಿ ಕೈಗೆ ಬಂತು. ಚೂರು ಕೊಡುವಾಗಲೇ ಡಬ್ಬಿಯ ಮೇಲಿನ ಚೀಟಿಯಲ್ಲಿ ಹೆಸರು, ವಯಸ್ಸು ಓದಿ ನೋಡಿ. ಎಲ್ಲ ರಸೀದಿಯ ಫೋಟೋ ಫೋನಿನಲ್ಲಿರಲಿ.

ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಇತ್ತು. ಬಾಯಿಯ ಒಳಪದರ ನಾರುಗಟ್ಟಿ ಬಿಗಿಯಾಗುವ ಕಾಯಿಲೆ. ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಇದ್ದೇ ಇದೆ, ಅದಕ್ಕೇ ವರ್ಷಕ್ಕೆ ಎರಡು ಸಲ ತೋರಿಸಬೇಕು. "ತಂಬಾಕು ಬಿಟ್ಟು ಬರೀ ಎಲೆ ಅಡಿಕೆ ಹಾಕಬಹುದಾ?" ಅಂತ ಕೇಳಿದೆ. ಡಾಕ್ಟರು ನಕ್ಕರು. ಈ ಕಾಯಿಲೆ ಬರುವುದೇ ಅಡಿಕೆಯಿಂದ ಅಂದರು.

ಶಿರಸಿ ಅಡಿಕೆಗೆ ಜಿಐ ಟ್ಯಾಗ್ ಬಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ನಮ್ಮ ಅನ್ನ ಅದರದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ, ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ಬರೆದಿದೆ. ಊರಲ್ಲಿ ಈ ಮಾತು ತೆಗೆದರೆ ಜಗಳ ಆಗುತ್ತದೆ. ನಾನು ತೆಗೆಯುವುದಿಲ್ಲ. ನನ್ನ ಬಾಯಿಯ ವಿಷಯ ಮಾತ್ರ ಹೇಳುತ್ತೇನೆ.

ಬಿಟ್ಟಿದ್ದು ಜುಲೈ ಮೊದಲ ವಾರ. ಮೊದಲ ದಿನ ಏನೂ ಅನ್ನಿಸಲಿಲ್ಲ, ಇಷ್ಟೇನಾ ಅಂದುಕೊಂಡೆ. ಮೂರನೇ ದಿನ ತಲೆನೋವು, ಸಿಟ್ಟು. ಆಫೀಸಿನಲ್ಲಿ 42,000 ಬರೆಯುವಲ್ಲಿ 4,200 ಬರೆದು ಸಂಜೆಯವರೆಗೆ ಲೆಕ್ಕ ಹುಡುಕಿದೆ. ಒಂದು ವಾರ ಹೊಟ್ಟೆ ಕಟ್ಟಿತು. ಇದೆಲ್ಲ ತಂಬಾಕು ಬಿಟ್ಟವರಿಗೆ ಆಗುವುದೇ ಅಂತ ಗೊತ್ತಿದ್ದರೆ ಅಷ್ಟು ಗಾಬರಿ ಆಗುತ್ತಿರಲಿಲ್ಲ. ತಂಬಾಕಿನ ಪೊಟ್ಟಣದ ಮೇಲೇ ಬರೆದಿರುವ 1800-11-2356ಕ್ಕೆ ಐದನೇ ದಿನ ಫೋನ್ ಮಾಡಿದೆ. ಅದು ಉಚಿತ. ಕನ್ನಡದಲ್ಲೇ ಮಾತಾಡಿದರು, ಮುಂದಿನ ವಾರ ಅವರೇ ಫೋನ್ ಮಾಡಿ ವಿಚಾರಿಸಿದರು. ಬುದ್ಧಿ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, ಯಾವ ಯಾವ ಹೊತ್ತಿಗೆ ಕವಳ ನೆನಪಾಗುತ್ತದೆ, ಬರೆದಿಡಿ ಅಂತ.

ಬರೆದೆ. ಚಾ ಆದಮೇಲೆ. ಊಟ ಆದಮೇಲೆ. ಯಾರಾದರೂ ಬಂದಾಗ. ಫೋನಿನಲ್ಲಿ ಮಾತಾಡುವಾಗ. ರಾತ್ರಿ ಮೊಬೈಲ್ ನೋಡುವಾಗ. ಹಾಳೆ ನೋಡಿದರೆ ಅದು ಕವಳದ ಪಟ್ಟಿಯ ಹಾಗೆ ಕಾಣಲಿಲ್ಲ, ನನ್ನ ಇಡೀ ದಿನದ ಹಾಗೆ ಕಂಡಿತು. ಕವಳ ಕಡಿಮೆಯಾಗಬೇಕಾದರೆ ಚಾ ಕಡಿಮೆಯಾಗಬೇಕು, ರಾತ್ರಿ ಬೇಗ ಮಲಗಬೇಕು, ಊಟವಾದ ಮೇಲೆ ಜಗಲಿಯಲ್ಲಿ ಕೂರಬಾರದು. ಸಕ್ಕರೆಗೆ, ಬಿಪಿಗೆ ಫಿಸಿಶಿಯನ್ ಹೇಳಿದ್ದೂ ಹೆಚ್ಚುಕಮ್ಮಿ ಇದೇ ಪಟ್ಟಿ.

ಚಾ ಎಣಿಸಿದೆ. ದಿನಕ್ಕೆ ಏಳು. ಒಂದಕ್ಕೆ ಎರಡು ಚಮಚ ಸಕ್ಕರೆ, ಅಂದರೆ ಹದಿನಾಲ್ಕು ಚಮಚ, ಸುಮಾರು 70 ಗ್ರಾಂ. ಚಾದಿಂದಲೇ ಇಷ್ಟು. ಒಮ್ಮೆಲೇ ಸಕ್ಕರೆ ಬಿಡಲು ಹೋಗಿ ಎರಡನೇ ದಿನಕ್ಕೇ ಸೋತೆ. ಆಮೇಲೆ ವಾರಕ್ಕೆ ಕಾಲು ಚಮಚದ ಹಾಗೆ ಇಳಿಸಿದೆ. ಈಗ ದಿನಕ್ಕೆ ಎರಡು ಚಾ, ಅರ್ಧ ಚಮಚ. ಬೆಲ್ಲ ಹಾಕಿದರೆ ಏನೂ ಆಗಲ್ಲ ಅಂತ ಊರಿಗೆ ಊರೇ ಹೇಳಿತು. ಜೋನಿ ಬೆಲ್ಲವೂ ರಕ್ತಕ್ಕೆ ಹೋದ ಮೇಲೆ ಸಕ್ಕರೆಯೇ.

ಕಷ್ಟವಾಗಿದ್ದು ನೆಂಟರ ಮನೆಯಲ್ಲಿ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು "ಆಸ್ರಿಗೆ ಎಂತ ಮಾಡ್ಲಿ?" ಅಂತ ಕೇಳುತ್ತಾರೆ. ಕುಡಿದು ಮುಗಿಸುವುದರೊಳಗೆ ಕವಳದ ಹರಿವಾಣ ಎದುರಿಗೆ ಬಂದಿರುತ್ತದೆ. ಬೇಡ ಅಂದರೆ ಏನೋ ಮುನಿಸು ಅಂತ ಅರ್ಥ. ಭಾವನ ಮನೆಯಲ್ಲಿ ಹಾಗೇ ಆಯಿತು. "ಎಂತ ಭಾವ, ನಮ್ಮನೆ ಕವಳನೂ ಬ್ಯಾಡಾಗೋತಾ?" ಅಂದ. ಬಾಯಿ ತೆಗೆದು ಬೆರಳು ಇಟ್ಟು ತೋರಿಸಿದೆ. ಅವನೂ ಇಟ್ಟು ನೋಡಿದ. ಅವನಿಗೆ ಮೂರೂ ಹೋಯಿತು. ಆದರೂ ಆಮೇಲೆ ನನಗೆ ಒತ್ತಾಯ ಮಾಡಲಿಲ್ಲ. ನಮ್ಮ ಮನೆಯಲ್ಲಿ ಹರಿವಾಣ ತೆಗೆದುಹಾಕಲು ಆಗುವುದಿಲ್ಲ, ಆಯಿಗೆ, ಅಂದರೆ ಅಮ್ಮನಿಗೆ, 78, ಅವಳಿಗೆ ಬೇಕು. ಜಗಲಿಯಿಂದ ಅವಳ ಕೋಣೆಗೆ ಹೋಯಿತು, ಅಷ್ಟೇ. ನನ್ನ ಸಂಚಿ ಮಾತ್ರ ಹಾಗೇ ಜೇಬಿನಲ್ಲಿದೆ. ಒಳಗೆ ಏಲಕ್ಕಿ, ಬಡೇಸೋಪು. ಕೈಗೆ ಸಂಚಿ ಬಿಚ್ಚುವ ಕೆಲಸ ಬೇಕಲ್ಲ.

ಇಲ್ಲೇ ಒಂದು ಎಡವಟ್ಟೂ ಆಯಿತು. ಏಲಕ್ಕಿ ಬೇಜಾರಾಗಿ ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ ಚೂರು ಸಂಚಿಗೆ ಹಾಕಿಕೊಂಡೆ. ಆಗಸ್ಟಿನಲ್ಲಿ ಬಿಪಿ ಇಳಿಯುವ ಬದಲು ಏರಿತು. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ. ಒಂದು ದಿನ ಇವಳು ಖಾಲಿಯಾದ ಎರಡು ಡಬ್ಬಿ ತಂದು ಎದುರಿಗಿಟ್ಟಳು. ಆರೋಗ್ಯದ ಲೆಕ್ಕದಲ್ಲಿ ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಒಂದು ಸಣ್ಣ ಚಮಚ. ಅಷ್ಟು ನಾನು ಬರೀ ನೆಲ್ಲಿಕಾಯಿಯಲ್ಲೇ ತಿನ್ನುತ್ತಿದ್ದೆನೋ ಏನೋ. ಅದು ನಿಂತಿತು. ಹಲಸಿನ ಹಪ್ಪಳ ವಾರಕ್ಕೊಂದು ದಿನಕ್ಕೆ ಬಂತು. ಉಪ್ಪಿನಕಾಯಿ ಮಿಡಿ ಈಗ ಅರ್ಧ. ಸೋಡಿಯಂ ಕಡಿಮೆ ಇರುವ ಉಪ್ಪು ತರೋಣ ಅಂದಿದ್ದಕ್ಕೆ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇದ್ದವರಿಗೂ ಕೆಲವು ಬಿಪಿ ಮಾತ್ರೆ ತಗೊಳ್ಳುವವರಿಗೂ ಆಗುವುದಿಲ್ಲ, ಕೇಳದೆ ತರಬೇಡಿ ಅಂದರು ಡಾಕ್ಟರು.

ನಡಿಗೆ. ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಬಿರುಸಾಗಿ ನಡೆಯಿರಿ ಅಂದಿದ್ದರು. ಜುಲೈನಲ್ಲಿ ಶಿರಸಿಯಲ್ಲಿ ಎಲ್ಲಿ ನಡೆಯುವುದು? ಮೊದಲ ದಿನ ಕೊಡೆ ಹಿಡಿದು ಬೆಟ್ಟದ ದಾರಿಯಲ್ಲಿ ಹೋಗಿ ಐದು ಉಂಬಳ (ಜಿಗಣೆ) ಹತ್ತಿಸಿಕೊಂಡು ಬಂದೆ. ಎರಡನೇ ದಿನ ಜಾರಿ ಬಿದ್ದೆ. ಮೂರನೇ ದಿನದಿಂದ ಜಗಲಿ. ನಮ್ಮ ಜಗಲಿ ಉದ್ದಕ್ಕೆ 22 ಹೆಜ್ಜೆ. ಮಧ್ಯಾಹ್ನ ಆಫೀಸಿನ ವರಾಂಡದಲ್ಲಿ ಹತ್ತು ನಿಮಿಷ, ರಾತ್ರಿ ಊಟ ಆದ ಕೂಡಲೇ ಜಗಲಿಯಲ್ಲಿ ಹದಿನೈದು ನಿಮಿಷ. "ಬೋನಿಗೆ ಹಾಕಿದ ಹುಲಿ ಕಂಡಂಗೆ ಕಾಣ್ತು" ಅಂದಳು ಇವಳು.

ಈ ಊಟದ ನಂತರದ ನಡಿಗೆ ನಿಜವಾಗಿ ಕೆಲಸ ಮಾಡುತ್ತದಾ ಅಂತ ನೋಡಲು ಪಕ್ಕದ ಮನೆಯವರ ಗ್ಲುಕೋಮೀಟರ್ ತಂದೆ. ಒಂದೇ ಥರದ ಊಟ, ಎರಡು ದಿನ. ಕೂತಿದ್ದ ದಿನ ಎರಡು ಗಂಟೆ ಬಿಟ್ಟು ನೋಡಿದರೆ 168. ನಡೆದ ದಿನ 139. ಕಾಲಿನ ಸ್ನಾಯು ಕೆಲಸ ಮಾಡುವಾಗ ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತದಂತೆ. ಎರಡು ದಿನದ ಲೆಕ್ಕ ದೊಡ್ಡ ಸಾಕ್ಷಿ ಅಲ್ಲ ಅಂತ ನನಗೂ ಗೊತ್ತು, ಆದರೆ ಆ 139 ನೋಡಿದ ಮೇಲೆ ಒಂದು ರಾತ್ರಿಯೂ ತಪ್ಪಿಸಿಲ್ಲ. ಊಟವಾದ ಮೇಲೆ ಕವಳ ಹಾಕುತ್ತಿದ್ದ ಹೊತ್ತೂ ಅದೇ.

ಊಟದ ವಿಷಯದಲ್ಲಿ ನಮ್ಮವರಿಗೊಂದು ಭ್ರಮೆ ಇದೆ. ಸಸ್ಯಾಹಾರ, ಮನೆ ಅಡುಗೆ, ತಂಬುಳಿ, ಇದಕ್ಕಿಂತ ಆರೋಗ್ಯ ಯಾವುದು ಅಂತ. ಒಂದೆಲಗದ ತಂಬುಳಿ ಒಳ್ಳೆಯದೇ. ಆದರೆ ಅದನ್ನು ಬಡಿಸಿದರೆ ಅನ್ನ ಎರಡು ಸಲ ಹೆಚ್ಚಿಗೆ ಜಾರಿ ಹೋಗುತ್ತದೆ! ತಂಬುಳಿ ಅನ್ನ, ಹುಳಿ ಅನ್ನ, ಮಜ್ಜಿಗೆ ಅನ್ನ. ಎಣಿಸಿದರೆ ಬೇಳೆಕಾಳು ಒಂದು ಹಿಡಿಯೂ ಇರುತ್ತಿರಲಿಲ್ಲ. ಈಗ ಮೊದಲು ಪಲ್ಯ, ಹೆಸರುಕಾಳು ಉಸಲಿ ತಿಂದು, ಆಮೇಲೆ ಅನ್ನ. ತಂಬುಳಿಯನ್ನು ಲೋಟಕ್ಕೆ ಹಾಕಿ ಕುಡಿಯುತ್ತೇನೆ. ಬೆಳಿಗ್ಗೆ ತೆಳ್ಳೇವು (ತೆಳು ದೋಸೆ) ಎಂಟರಿಂದ ನಾಲ್ಕಕ್ಕೆ ಇಳಿಯಿತು.

ನಿದ್ದೆ ಸರಿಮಾಡಿದ್ದು ನಾನಲ್ಲ, ಮಳೆ. ಮರ ಬಿದ್ದು ಹನ್ನೊಂದು ದಿನ ಕರೆಂಟ್ ಇರಲಿಲ್ಲ. ಮೊಬೈಲ್ ಸತ್ತಿತು, ಒಂಬತ್ತಕ್ಕೆಲ್ಲ ಮಲಗಿದೆ. ಕರೆಂಟ್ ಬಂದ ಮೇಲೂ ಮೊಬೈಲ್ ಜಗಲಿಯಲ್ಲೇ ಉಳಿಯಿತು. ಆಟಕ್ಕೆ ಹೋಗುವುದು ಬಿಟ್ಟಿಲ್ಲ, ಯಕ್ಷಗಾನ ಇದ್ದ ದಿನ ಬೆಳಗಾಗುತ್ತದೆ. ಅದನ್ನು ಯಾವ ಡಾಕ್ಟರ ಹತ್ತಿರವೂ ಹೇಳಿಲ್ಲ.

ಸೆಪ್ಟೆಂಬರ್ ಕೊನೆಗೆ ಮತ್ತೆ ಪರೀಕ್ಷೆ. ಎಚ್‌ಬಿಎ1ಸಿ 5.8. ಸೊಂಟ 92, ತೂಕ ಐದು ಕಿಲೋ ಕಡಿಮೆ. ಬಿಪಿ ಮಾತ್ರ 139/88. ಇಷ್ಟೆಲ್ಲ ಮಾಡಿ ಎರಡೇ ಎರಡು ಅಂಕಿ! ಡಾಕ್ಟರು ಮಾತ್ರೆ ಬರೆದರು. ನನಗೆ ಅಳುವೇ ಬಂತು. ಅಪ್ಪಯ್ಯನಿಗೆ ಬಿಪಿ ಇತ್ತಾ ಅಂತ ಕೇಳಿದರು. ಇತ್ತು, ದೊಡ್ಡಪ್ಪನಿಗೂ ಇತ್ತು. "ನಡಿಗೆ ಬಿಟ್ಟಿದ್ರೆ ಒಂದರ ಬದಲು ಎರಡು ಮಾತ್ರೆ ಬೇಕಾಗ್ತಿತ್ತು ಅಂದ್ಕೊಳ್ಳಿ" ಅಂದರು. ಮಾತ್ರೆ ಶುರುವಾದರೆ ಜೀವನಪೂರ್ತಿ ಅಂತ ಹೆದರಿ ಎರಡು ವಾರ ತಗೊಳ್ಳಲೇ ಇಲ್ಲ. ಅದು ದಡ್ಡತನ. ಈಗ ಬೆಳಿಗ್ಗೆ ಒಂದು, ಹಲ್ಲುಜ್ಜಿದ ಕೂಡಲೇ. ಬಿಪಿ 126/80 ಆಸುಪಾಸು. ಮೂವತ್ತು ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಶುಗರ್, ಬಾಯಿ ತಪಾಸಣೆ ಉಚಿತ ಅಂತ ನನಗೆ ಗೊತ್ತಾಗಿದ್ದೂ ಆಗಲೇ. ಊರಿನ ಆಶಾ ಕಾರ್ಯಕರ್ತೆ ಎರಡು ವರ್ಷದಿಂದ ಕರೆಯುತ್ತಿದ್ದಳು, ನಾನು ತೋಟಕ್ಕೆ ಹೋಗುತ್ತಿದ್ದೆ.

ಆರು ತಿಂಗಳಿಗೆ ಖರ್ಚು ಹತ್ತಿರ ಹತ್ತಿರ 14,000. ಕವಳ ಬಿಟ್ಟು ಉಳಿದಿದ್ದೆಷ್ಟು ಅಂತ ಆಫೀಸಿನಲ್ಲಿ ಕೇಳುತ್ತಾರೆ. ಎಲೆ ತೋಟದ್ದು, ಅಡಿಕೆ ತೋಟದ್ದು. ತಂಬಾಕಿನ ದುಡ್ಡು ತಿಂಗಳಿಗೆ 180.

ಡಿಸೆಂಬರ್ ಬಂತು, ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವ ಕೆಲಸ) ಶುರುವಾಯಿತು. ರಾತ್ರಿ ಅಡಿಕೆ ಸುಲಿಯುವಾಗ ಎಂಟು ಹತ್ತು ಜನ ಸೇರುತ್ತಾರೆ. ಮಾತು, ಚಾ, ಕವಳ. ಆರು ತಿಂಗಳಲ್ಲಿ ಒಮ್ಮೆ ಜಾರಿದ್ದು ಅಲ್ಲೇ. ಎರಡನೇ ರಾತ್ರಿ ಹರಿವಾಣ ನನ್ನ ಎದುರು ಬಂದಾಗ ಕೈ ತಾನಾಗಿ ಹೋಯಿತು. ಬಾಯಿಗೆ ಹಾಕಿದ ಮೇಲೆ ಉರಿ ಹತ್ತಿ ಉಗುಳಿದೆ. ಆಯಿ ನೋಡುತ್ತಿದ್ದಳು. "ತಮಾ, ನೀ ಆಚೆ ಬದಿಗೆ ಕುತ್ಗ" ಅಂದಳು. ಮಾರನೇ ದಿನದಿಂದ ಹರಿವಾಣ ಒಂದು ತುದಿ, ನಾನು ಇನ್ನೊಂದು ತುದಿ.

ಹುಬ್ಬಳ್ಳಿಯ ಡಾಕ್ಟರು ಒಂದು ವ್ಯಾಯಾಮ ಹೇಳಿದ್ದರು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ಒಂದು ನಿಮಿಷ ಹಿಡಿಯುವುದು, ದಿನಕ್ಕೆ ಐದಾರು ಸಲ. ಬಿಗಿ ಕಡಿಮೆಯಾದ ಹಾಗೆ ಒಂದು ಕಡ್ಡಿ ಸೇರಿಸುವುದು. ಹೋದ ಬಾಯಿ ಪೂರ್ತಿ ವಾಪಸ್ ಬರುವುದಿಲ್ಲ ಅಂತ ಮೊದಲೇ ಹೇಳಿದ್ದಾರೆ. ಜುಲೈನಲ್ಲಿ ಹದಿನಾಲ್ಕು ಕಡ್ಡಿ ಹಿಡಿಯುತ್ತಿತ್ತು. ಈಗ ಹದಿನಾರು. ಹದಿನೇಳನೆಯದನ್ನು ಇವತ್ತು ಬೆಳಿಗ್ಗೆ ತುರುಕಲು ನೋಡಿದೆ. ತುದಿ ಮಾತ್ರ ಹೋಯಿತು.